ಗದ್ದೆಯ ಎಂಜಿನ್ನು ಹೊಳೆಗಿಳಿದ ಕಥೆ

ಗದ್ದೆಯಲ್ಲಿ ಎಂಜಿನ್ನು ಕೈಕೊಟ್ಟರೆ ನಾವು ಏನು ಮಾಡುತ್ತೇವೆ? ಬದುವಿನ ಮೇಲೆ ಕೂತು ಒಂದು ಕವಳ ಹಾಕಿ ಯೋಚನೆ ಮಾಡುತ್ತೇವೆ. ಸಂಜೆಯಾದರೆ ಗೋಣಿ ಮುಚ್ಚಿ ಮನೆಗೆ ಹೋಗುತ್ತೇವೆ. ಹೊಳೆಯ ನಡುವೆ ಕೈಕೊಟ್ಟರೆ ಕವಳಕ್ಕೂ ಪುರುಸೊತ್ತಿಲ್ಲ, ಮನೆಗೆ ಹೋಗುವ ದಾರಿಯೂ ಇಲ್ಲ. ಈ ವ್ಯತ್ಯಾಸ ನನ್ನ ತಲೆಗೆ ಹೋಗಲು ನನ್ನ ಸ್ವಂತ ತಂಗಿ ಮತ್ತು ಅವಳ ಮೊಮ್ಮಗ ನೀರಿನಲ್ಲಿ ಮೊಣಕಾಲು ನೆನೆಸಿಕೊಳ್ಳಬೇಕಾಯಿತು.

ನಂದೊಳ್ಳಿಯಲ್ಲಿ ನನಗಿರುವುದು ಮಳೆ ನಂಬಿದ ಮಕ್ಕಿಗದ್ದೆ. ದೋಣಿಗೂ ನಮಗೂ ಎಲ್ಲಿಯ ಸಂಬಂಧ ಎಂದು ಓದುಗರು ಕೇಳಬಹುದು. ತಂಗಿಯನ್ನು ಕೊಟ್ಟದ್ದು ಹೊನ್ನಾವರದ ಕಡೆ, ಶರಾವತಿ ದಂಡೆಯ ಊರಿಗೆ. ಭಾವನ ಮನೆ ದಂಡೆಯಲ್ಲಿ, ತೆಂಗಿನ ತೋಟದ ಅರ್ಧ ಹೊಳೆಯ ನಡುವಿನ ಕುರ್ವೆಯಲ್ಲಿ. ಗೊಬ್ಬರ ಹೋಗಬೇಕಾದರೂ ಕಾಯಿ ಬರಬೇಕಾದರೂ ದೋಣಿಯೇ ಆಗಬೇಕು. ಅವರ ತಂದೆಯ ಕಾಲದ 22 ಅಡಿಯ ಮರದ ದೋಣಿಯೊಂದಿತ್ತು. ಅದರ ಹೊಟ್ಟೆಯೊಳಗೆ ಕೂರಿಸಿದ್ದ ಎಂಜಿನ್ನು ಜಾಮ್ ಆಗಿ, ದೋಣಿ ಒಂಬತ್ತು ವರ್ಷ ಸೋಗೆ ಚಪ್ಪರದಡಿ ಬಿದ್ದಿತ್ತು. ಇತ್ತ ನನ್ನ ಕೊಟ್ಟಿಗೆಯಲ್ಲಿ, ಕರೆಂಟ್ ಪಂಪು ಬಂದ ಮೇಲೆ ಕೆಲಸವಿಲ್ಲದ 5 ಅಶ್ವಶಕ್ತಿಯ ಕಿರ್ಲೋಸ್ಕರ್ ಡೀಸೆಲ್ ಎಂಜಿನ್ನು ಇತ್ತು. ಭಾವ ಒಂದು ದಿನ ಅಂದ: "ದೋಣಿ ನಂದು, ಎಂಜಿನ್ನು ನಿಂದು. ಕೂಡಿಸಿದ್ರೆ ಎಂತಾಗ್ತು ಭಾವ?"

ಕೂಡಿಸಿದೆವು. ಆದರೆ ಮೊದಲ ಸಲ ಕೂಡಿಸಿದ್ದು ತಪ್ಪು ಕ್ರಮದಲ್ಲಿ. ಎಂಜಿನ್ನು ಮೊದಲು, ಬಣ್ಣ ಆಮೇಲೆ, ಮರ ಕೊನೆಗೆ. ಆಗಬೇಕಾದದ್ದು ಮರ ಮೊದಲು, ಶಾಫ್ಟು ಎರಡನೆಯದು, ಎಂಜಿನ್ನು ಮೂರನೆಯದು, ಬಣ್ಣ ಕೊನೆಗೆ. ಆ ಕ್ರಮದಲ್ಲೇ ಇಲ್ಲಿ ಬರೆಯುತ್ತೇನೆ.

ಮರಕ್ಕೆ ಮೊದಲು ನೀರು ಕುಡಿಸಿ

ನಮ್ಮ ಅಜ್ಜಿಯರ ಕಾಲದ ಮರದ ಮರಿಗೆ ನೆನಪಿದೆಯೇ? ಬೇಸಿಗೆಯಲ್ಲಿ ಅಟ್ಟದಲ್ಲಿ ಒಣಗಿದ್ದನ್ನು ಇಳಿಸಿ ನೀರು ಹಾಕಿದರೆ ಸೋರುತ್ತದೆ. ಎರಡು ದಿನ ನೆನೆಸಿಟ್ಟರೆ ತಾನೇ ಬಿಗಿಯಾಗುತ್ತದೆ. ಹಲಗೆ ದೋಣಿಯೂ ಹಾಗೆಯೇ. ಒಣಗಿದಾಗ ಹಲಗೆ ಕುಗ್ಗಿ ಸಂದಿ ಬಾಯಿ ಬಿಡುತ್ತದೆ, ನೆನೆದಾಗ ಉಬ್ಬಿ ಕೂಡಿಕೊಳ್ಳುತ್ತದೆ. ಒಣಗಿದ ದೋಣಿಯ ಸಂದಿ ಕಂಡು ಗಾಬರಿಯಾಗಿ ಗಟ್ಟಿ ಮೇಣವನ್ನೋ ಅಂಟನ್ನೋ ಒತ್ತಿ ತುಂಬಿದರೆ, ನೆನೆದ ಹಲಗೆಗೆ ಉಬ್ಬಲು ಜಾಗವಿಲ್ಲ. ಅದು ಒಳಗಿನ ಪಕ್ಕೆಲುಬಿನ ಮರವನ್ನು ದೂಡುತ್ತದೆ, ಮೊಳೆಯನ್ನು ಕೀಳುತ್ತದೆ. ನಾವು ಮಾಡಿದ್ದು ಅದನ್ನೇ. ಆಮೇಲೆ ಬಂದ ವಯಸ್ಸಾದ ಆಚಾರಿ ಒಂದೇ ಮಾತು ಹೇಳಿದರು: "ಅವಸರ ಎಂತಕ್ಕೆ? ಮೊದ್ಲು ಅದು ನೀರು ಕುಡೀಲಿ."

ಅವರು ಮಾಡಿದ ಪರೀಕ್ಷೆ ಸುಲಭದ್ದು. ಚೂಪಾದ ದಬ್ಬಣದಿಂದ ಗೇಣಿಗೊಂದರಂತೆ ಹಲಗೆಯನ್ನು ಚುಚ್ಚುತ್ತ ಹೋದರು. ಗಟ್ಟಿ ಮರ ದಬ್ಬಣವನ್ನು ತಡೆಯುತ್ತದೆ, ಕೊಳೆತದ್ದು ಒಳಗೆ ಬಿಟ್ಟುಕೊಳ್ಳುತ್ತದೆ. ಹೆಚ್ಚು ಕೊಳೆಯುವುದು ಹೊಳೆ ನೀರು ತಾಗುವ ಹೊರಮೈಯಲ್ಲ, ಮಳೆನೀರು ನಿಲ್ಲುವ ಒಳಮೂಲೆ. ಎರಡನೆಯದು ಮೊಳೆ. ಕಬ್ಬಿಣದ ಮೊಳೆಯ ಸುತ್ತ ಮರ ಕಪ್ಪಾಗಿದ್ದರೆ ಮೊಳೆಯೂ ಹೋಗಿದೆ, ಅದು ಹಿಡಿದ ಮರವೂ ಹೋಗಿದೆ. ನಮ್ಮ ದೋಣಿಯಲ್ಲಿ ಹೆಬ್ಬಲಸಿನ ಹಲಗೆಗಳು ನಾಲ್ಕನ್ನು ಬಿಟ್ಟು ಎಲ್ಲ ಗಟ್ಟಿಯಿದ್ದವು, ಮೊಳೆಗಳು ಅರ್ಧಕ್ಕರ್ಧ ಸತ್ತಿದ್ದವು. ಹೊಸದಾಗಿ ಹೊಡೆದದ್ದು ತಾಮ್ರದ ಮೊಳೆ.

ಸಂದಿಗೆ ಹತ್ತಿ ಹುರಿಯನ್ನು ಉಳಿಯಿಂದ ಹದವಾಗಿ ಕೂರಿಸಿ, ಮೇಲೆ ಎಣ್ಣೆಯಲ್ಲಿ ಕಾಸಿದ ರಾಳ ಹಚ್ಚಿದರು. ನೀರಿಗೆ ಇಳಿಸಿದ ಮೊದಲ ದಿನ ಜೋರಾಗಿ ಸೋರಿತು. ದಂಡೆಯ ಹತ್ತಿರವೇ ಕಟ್ಟಿಹಾಕಿ ನೀರು ಮೊಗೆಯುತ್ತ ಇದ್ದೆವು. ಐದನೇ ದಿನ ಬೆಳಿಗ್ಗೆ ನೋಡಿದರೆ ಒಳಗೆ ಒಂದು ಚೊಂಬು ನೀರೂ ಇರಲಿಲ್ಲ.

ಹಿತ್ತಲಲ್ಲೇ ಇರುವ ಮದ್ದು

ಘಟ್ಟದ ಮೇಲಿನವನಾದ ನನಗೆ ಆಶ್ಚರ್ಯವಾದದ್ದು, ದೋಣಿಗೆ ಬೇಕಾದ ಸಾಮಾನಿನಲ್ಲಿ ಬಹಳಷ್ಟು ನಮ್ಮ ಹಿತ್ತಲು ಬೇಣಗಳದ್ದೇ. ಹಲಗೆಗೆ ಹೆಬ್ಬಲಸು. ಸಂದಿಗೆ ಹತ್ತಿ ಮತ್ತು ಧೂಪದ ಮರದ ರಾಳ. ಮೈಗೆ ಹಚ್ಚಲು ಹೊನ್ನೆಕಾಯಿ ಎಣ್ಣೆ, ಹಿಂದೆ ದೀಪಕ್ಕೆ ಉರಿಸುತ್ತಿದ್ದರಲ್ಲ, ಅದೇ. ನೀರೊಳಗಿನ ಭಾಗಕ್ಕೆ ಗೇರುಬೀಜದ ಸಿಪ್ಪೆಯ ಎಣ್ಣೆ. ಉಪ್ಪುನೀರಿನಲ್ಲಿ ಮರ ಕೊರೆಯುವ ಒಂದು ಜಾತಿಯ ಹುಳವಿದೆ, ಹೊರಗಿನಿಂದ ಸೂಜಿಮೊನೆಯಷ್ಟು ತೂತು, ಒಳಗೆ ಜೇನುಗೂಡು. ಗೇರೆಣ್ಣೆ ಕುಡಿದ ಮರ ಅದಕ್ಕೆ ಸುಲಭಕ್ಕೆ ಬಗ್ಗುವುದಿಲ್ಲ. ಗೇರು ಸೊನೆ ಚರ್ಮ ಸುಡುವುದು ನಮಗೆಲ್ಲ ಗೊತ್ತು. ಕೈಗೆ ರಬ್ಬರ್ ಗವಸು ಹಾಕಿ, ಕಣ್ಣಿಗೆ ಹಾರದಂತೆ ನೋಡಿಕೊಂಡು ಹಚ್ಚಬೇಕು.

ಇದು ಹಳೇ ಕಾಲದ ಮಾತು ಎಂದು ಬಿಡಬೇಡಿ. 2025ರ ಮೇ 21ರಂದು ನಮ್ಮ ಕಾರವಾರದಲ್ಲೇ ನೌಕಾಪಡೆಗೆ 'ಕೌಂಡಿನ್ಯ' ಎಂಬ ಹಾಯಿ ಹಡಗು ಸೇರಿತು. ಅಜಂತಾ ಗುಹೆಯ ಚಿತ್ರ ನೋಡಿ ಕಟ್ಟಿದ ಹಡಗು ಅದು. ಹಲಗೆಗಳನ್ನು ಮೊಳೆ ಹೊಡೆದು ಕೂಡಿಸಿದ್ದಲ್ಲ, ತೆಂಗಿನ ನಾರಿನ ಹುರಿಯಲ್ಲಿ ಹೊಲಿದದ್ದು. ಕರಾವಳಿಯಲ್ಲಿ ಹಿಂದೆ ಇದೇ ರೀತಿ ಹೊಲಿದ ದೋಣಿಗಳಿದ್ದವು.

ಎಂಜಿನ್ನು ಕೂರುವ ಪೀಠ

ಒಂದೇ ಸಿಲಿಂಡರಿನ ಎಂಜಿನ್ನು ಕುಟ್ಟುವುದು ಜಾಸ್ತಿ. ಗದ್ದೆಯಲ್ಲಿ ಸಿಮೆಂಟ್ ಕಟ್ಟೆ ಆ ಪೆಟ್ಟು ನುಂಗುತ್ತದೆ. ದೋಣಿಯಲ್ಲಿ ಕಟ್ಟೆಯಿಲ್ಲ. ಗಿಡ್ಡ ಮರದ ತುಂಡಿನ ಮೇಲೆ ಕೂರಿಸಿದರೆ ಪೆಟ್ಟೆಲ್ಲ ಎರಡೇ ಹಲಗೆಯ ಮೇಲೆ ಬಿದ್ದು ಸಂದಿ ಬಿಡುತ್ತದೆ. ಆದ್ದರಿಂದ ದೋಣಿಯ ಉದ್ದಕ್ಕೆ ಎರಡು ಉದ್ದ ತೊಲೆ ಹಾಕಿ, ಆದಷ್ಟು ಹೆಚ್ಚು ಪಕ್ಕೆಲುಬುಗಳಿಗೆ ಬೋಲ್ಟು ಮಾಡಿ, ಅದರ ಮೇಲೆ ಎಂಜಿನ್ನು ಕೂರಿಸಬೇಕು. ಹಳೇ ಮನೆ ಬಿಚ್ಚಿದಾಗ ಉಳಿದಿದ್ದ ಮತ್ತಿ ತೊಲೆ ಇದಕ್ಕೆ ಬಂತು.

ಎಂಜಿನ್ನನ್ನು ಬಹಳ ಹಿಂದಕ್ಕೆ ವಾಲಿಸಿ ಕೂರಿಸಬಾರದು. ತಳದ ಎಣ್ಣೆ ಒಂದು ಕಡೆ ಸರಿದು ಬೇರಿಂಗಿಗೆ ಎಣ್ಣೆ ತಪ್ಪುತ್ತದೆ. ತೂಕ ದೋಣಿಯ ನಡುವಿಗಿಂತ ಸ್ವಲ್ಪ ಹಿಂದೆ, ಆದಷ್ಟು ತಗ್ಗಿನಲ್ಲಿ ಇರಲಿ. ತೂಕ ಮೇಲಿದ್ದಷ್ಟೂ ದೋಣಿ ಮಗುಚುವ ಭಯ ಹೆಚ್ಚು.

ಎಂಜಿನ್ನಿನ ರಿಪೇರಿ ನಮ್ಮವರಿಗೆ ಹೊಸದಲ್ಲ. ಲೈನರು, ರಿಂಗು ನೋಡಿ, ವಾಲ್ವು ತಿಕ್ಕಿ, ನಾಜಲ್ಲನ್ನು ಡೀಸೆಲ್ ಪಂಪ್ ಅಂಗಡಿಯಲ್ಲಿ ಪರೀಕ್ಷೆ ಮಾಡಿಸಿದೆ. ಒಂದು ಸಂಗತಿ ಮಾತ್ರ ಹೊಸದು. ಬಹಳ ದಿನ ನಿಂತ ಡೀಸೆಲ್ ಟ್ಯಾಂಕಿನ ತಳದಲ್ಲಿ ನೀರು ಮತ್ತು ಕೆಸರು ಇರುತ್ತದೆ. ಗದ್ದೆಯಲ್ಲಿ ಅದು ಅಲ್ಲೇ ಕೂತಿರುತ್ತದೆ. ದೋಣಿ ಅಲ್ಲಾಡಿದರೆ ಮೇಲೆದ್ದು ಫಿಲ್ಟರು ಕಟ್ಟುತ್ತದೆ, ಅದೂ ಅಲೆ ಹೆಚ್ಚಿರುವ ಹೊತ್ತಿನಲ್ಲೇ. ಟ್ಯಾಂಕು ಬಿಚ್ಚಿ ತೊಳೆಯಿರಿ.

ಗೇರು ಮತ್ತು ಫ್ಯಾನು

ಗದ್ದೆಯ ಎಂಜಿನ್ನಿಗೆ ಹಿಂದಕ್ಕೆ ಹೋಗಲು ಗೊತ್ತಿಲ್ಲ, ಓಡುತ್ತಲೇ ಸುಮ್ಮನಿರಲೂ ಗೊತ್ತಿಲ್ಲ. ದೋಣಿಗೆ ಎರಡೂ ಬೇಕು. ದಂಡೆಗೆ ತಾಗುವಾಗ ಹಿಂದಿನ ಗೇರೇ ಬ್ರೇಕು. ಆದ್ದರಿಂದ ದೋಣಿಗೆಂದೇ ಮಾಡಿದ ಗೇರ್‌ಬಾಕ್ಸು ಹಾಕಬೇಕು. ನಮ್ಮ ಖರ್ಚಿನ ಅರ್ಧ ಹೋದದ್ದು ಗೇರ್‌ಬಾಕ್ಸು ಮತ್ತು ಶಾಫ್ಟಿಗೆ. ಇದರಲ್ಲಿ ಉಳಿಸಲು ಹೋಗಬೇಡಿ.

ನಮ್ಮ ಎಂಜಿನ್ನು ನಿಮಿಷಕ್ಕೆ 1500 ಸುತ್ತಿನದು. ಗೇರು ಅದನ್ನು ಅರ್ಧ ಮಾಡುತ್ತದೆ, ಫ್ಯಾನಿಗೆ ಸಿಗುವುದು 750. ಹೊರೆ ಎಳೆಯುವ ದೋಣಿಗೆ ದೊಡ್ಡ ಫ್ಯಾನು ನಿಧಾನ ತಿರುಗುವುದೇ ಒಳ್ಳೆಯದು. ಫ್ಯಾನಿನ ಮೇಲೆ 15×10 ಎಂದು ಬರೆದಿರುತ್ತದೆ. 15 ಇಂಚು ಅದರ ಅಗಲ. 10 ಇಂಚು ಎಂದರೆ, ಮರಕ್ಕೆ ತಿರುಪು ಹೋದ ಹಾಗೆ ನೀರಿನಲ್ಲಿ ಜಾರದೆ ಹೋದರೆ ಒಂದು ಸುತ್ತಿಗೆ ಎಷ್ಟು ಮುಂದೆ ಹೋದೀತು ಎಂಬ ಲೆಕ್ಕ. 750 ಸುತ್ತಿಗೆ 7500 ಇಂಚು, ಅಂದರೆ ನಿಮಿಷಕ್ಕೆ 625 ಅಡಿ, ಗಂಟೆಗೆ ಸುಮಾರು 11 ಕಿಲೋಮೀಟರು. ಆದರೆ ನೀರು ಮರವಲ್ಲ. ಮೂರರಲ್ಲೊಂದು ಪಾಲಿಗಿಂತ ಹೆಚ್ಚೇ ಜಾರಿ ಹೋಗುತ್ತದೆ. ನಮಗೆ ಸಿಕ್ಕಿದ್ದು ಗಂಟೆಗೆ 7 ಕಿಲೋಮೀಟರು ಆಸುಪಾಸು. ತೆಂಗಿನಕಾಯಿಗೆ ಅವಸರವಿಲ್ಲ.

"ಇನ್ನೂ ದೊಡ್ಡ ಎಂಜಿನ್ನು ಹಾಕಿ" ಎಂದು ಸಲಹೆ ಕೊಟ್ಟವರಿದ್ದರು. ನೀರನ್ನು ಸೀಳಿಕೊಂಡು ಹೋಗುವ ಇಂಥ ದೋಣಿಗೆ ಅದರ ಉದ್ದವೇ ವೇಗದ ಮಿತಿ. ನೀರಿಗೆ ತಾಗುವ ಉದ್ದ 20 ಅಡಿ ಇದ್ದರೆ ಗಂಟೆಗೆ ಸುಮಾರು 11 ಕಿಲೋಮೀಟರು. ಅದನ್ನು ಮೀರಿಸಲು ಹೋದರೆ ದೋಣಿ ತಾನೇ ಎಬ್ಬಿಸಿದ ಅಲೆಯನ್ನು ಹತ್ತಬೇಕಾಗುತ್ತದೆ, ಡೀಸೆಲು ಸುಡುತ್ತದೆ, ವೇಗ ಬರುವುದಿಲ್ಲ, ಹಳೇ ಮರ ಬಿರಿಯುತ್ತದೆ. 5 ಅಶ್ವಶಕ್ತಿ ಪೂರ್ತಿ ದುಡಿದರೂ ಗಂಟೆಗೆ ಒಂದು ಲೀಟರಿಗೆ ಸ್ವಲ್ಪ ಹೆಚ್ಚು ಡೀಸೆಲು ಸಾಕು.

ಆ ದಿನ ಆದದ್ದು

ಶಾಫ್ಟು ದೋಣಿಯ ಒಳಗಿನಿಂದ ಹೊರಗೆ ಹೋಗುವಲ್ಲಿ ಒಂದು ತೂತು ಇರಲೇಬೇಕು. ಅಲ್ಲಿ ನೀರು ಬರದಂತೆ ಗ್ಲಾಂಡ್ ಇರುತ್ತದೆ. ಸೆಂಟ್ರಿಫ್ಯೂಗಲ್ ಪಂಪಿನಲ್ಲಿ ಗ್ರೀಸು ಹಚ್ಚಿದ ಹಗ್ಗ ಸುತ್ತುತ್ತೇವಲ್ಲ, ಅದೇ ಕೆಲಸ. ನಾನು ಪಂಪು ಬಲ್ಲವನು, ಒಂದು ಹನಿ ನೀರೂ ಬರದಂತೆ ನಟ್ಟು ಬಿಗಿದೆ. ದಂಡೆಯ ಮೇಲೆಯೇ ಎಂಜಿನ್ನು ಮತ್ತು ಶಾಫ್ಟಿನ ನೇರ ನೋಡಿ, ಕಪ್ಲಿಂಗ್ ಬೋಲ್ಟು ಹಾಕಿ, ಬಣ್ಣ ಬಳಿದು, ಪೂಜೆ ಮಾಡಿ ಇಳಿಸಿದೆವು. 2023ರ ಮಳೆಗಾಲ ಕಳೆದ ಮೇಲಿನ ಮಾತು. ಮೊದಲ ಓಟಕ್ಕೆ ತಂಗಿಯನ್ನೂ ಅವಳ ಏಳು ವರ್ಷದ ಮೊಮ್ಮಗನನ್ನೂ ಕೂರಿಸಿಕೊಂಡೆವು. ಬರುವಾಗ ಕುರ್ವೆಯಿಂದ ಹನ್ನೆರಡು ಚೀಲ ಕಾಯಿ.

ನಡು ಹೊಳೆಯಲ್ಲಿ ಸುಟ್ಟ ವಾಸನೆ ಬಂತು. ಎಂಜಿನ್ನು ನೋಡಿದೆ, ಸರಿಯಿತ್ತು. ಅಷ್ಟರಲ್ಲಿ ಹುಡುಗ "ಅಜ್ಜಾ, ನೀರು" ಎಂದ. ಗ್ಲಾಂಡಿನ ಹಗ್ಗ ಸುಟ್ಟುಹೋಗಿ ಶಾಫ್ಟಿನ ಸುತ್ತ ಕೈಬೆರಳು ದಪ್ಪಕ್ಕೆ ನೀರು ಚಿಮ್ಮುತ್ತಿತ್ತು. ಅದು ಸಾಲದೆಂದು ನಾವು ಮೇಣ ಒತ್ತಿದ ಸಂದಿಗಳೂ ಬಿಟ್ಟುಕೊಂಡವು. ಭಾವ ಕಾಯಿ ಚೀಲಗಳನ್ನು ಹೊಳೆಗೆ ಎಸೆದ. ನಾನು ಪಂಚೆ ಹರಿದು ತೂತಿಗೆ ತುರುಕಿ ಕೈಯಲ್ಲಿ ಒತ್ತಿ ಹಿಡಿದೆ. ತಂಗಿ ಹುಡುಗನನ್ನು ಸೊಂಟಕ್ಕೆ ಕಟ್ಟಿಕೊಂಡು ಕೊಡಪಾನದಲ್ಲಿ ನೀರು ಮೊಗೆದಳು. ಭಾವ ಗಳ ಹಾಕಿ ದೂಡಿ ದಂಡೆ ಮುಟ್ಟಿಸಿದ. ದೋಣಿಯಲ್ಲಿ ಒಂದು ಜೀವರಕ್ಷಕ ಅಂಗಿಯೂ ಇರಲಿಲ್ಲ. ತಂಗಿ ಇಳಿದವಳು ನನ್ನನ್ನೂ ನೋಡಲಿಲ್ಲ, ದೋಣಿಯನ್ನೂ ನೋಡಲಿಲ್ಲ. ಮನೆಗೆ ಹೋದಳು.

ತಪ್ಪು ಎರಡು, ಎರಡೂ ನನ್ನವೇ. ಮೊದಲನೆಯದು, ಇಂಥ ಗ್ಲಾಂಡಿಗೆ ತಂಪು ಮಾಡುವುದು ಹೊಳೆ ನೀರೇ. ಶಾಫ್ಟು ತಿರುಗುವಾಗ ಆಗೀಗ ಒಂದು ಹನಿ ತೊಟ್ಟಿಕ್ಕಬೇಕು. ನಿಂತಾಗ ನಿಲ್ಲಬೇಕು. ಕೈಯಿಟ್ಟರೆ ಉಗುರು ಬೆಚ್ಚಗಿರಬಹುದು, ಬಿಸಿಯಿರಬಾರದು. ಒಂದು ಹನಿಯನ್ನೂ ಬಿಡದೆ ಬಿಗಿದರೆ ಹಗ್ಗ ಸುಟ್ಟು ಹೊಳೆಯೇ ಒಳಗೆ ಬರುತ್ತದೆ.

ಎರಡನೆಯದು, ದೋಣಿ ದಂಡೆಯ ಮೇಲಿದ್ದಾಗಿನ ಆಕಾರ ನೀರಿನಲ್ಲಿ ಇರುವುದಿಲ್ಲ. ನೆಲದ ಮೇಲೆ ಎರಡು ಮೂರು ಕಡೆ ಊರಿ ನಿಂತಿರುತ್ತದೆ, ನೀರು ಎಲ್ಲ ಕಡೆಯಿಂದ ಎತ್ತುತ್ತದೆ. ನೆಲದ ಮೇಲೆ ನೇರವಿದ್ದ ಶಾಫ್ಟು ನೀರಿಗಿಳಿದ ಮೇಲೆ ಸೊಟ್ಟಗಾಗುತ್ತದೆ. ದೋಣಿ ನೀರಿನಲ್ಲಿ ಕೆಲವು ದಿನ ನೆನೆದ ಮೇಲೆ ಕಪ್ಲಿಂಗ್ ಬೋಲ್ಟು ಬಿಚ್ಚಿ, ಎರಡು ಮುಖಗಳ ನಡುವಿನ ಸಂದನ್ನು ಫೀಲರ್ ಗೇಜಿನಿಂದ ಮೇಲೆ, ಕೆಳಗೆ, ಎಡ, ಬಲ ನಾಲ್ಕೂ ಕಡೆ ಅಳೆಯಬೇಕು. 4 ಇಂಚಿನ ಕಪ್ಲಿಂಗಿಗೆ ಒಂದು ಕಡೆಗೂ ಇನ್ನೊಂದು ಕಡೆಗೂ ವ್ಯತ್ಯಾಸ 0.1 ಮಿಲಿಮೀಟರಿಗಿಂತ ಹೆಚ್ಚಿರಬಾರದು. ಹೆಚ್ಚಿದ್ದರೆ ಎಂಜಿನ್ನಿನ ಕಾಲಡಿ ತೆಳು ತಗಡು ಕೊಟ್ಟು ಸರಿಮಾಡಬೇಕು. ನಮಗೆ ಇದಕ್ಕೆ ಒಂದು ಇಡೀ ದಿನ ಹಿಡಿಯಿತು.

ಉಪ್ಪುನೀರಿನ ತಂಟೆ

ಗೇರುಸೊಪ್ಪದಲ್ಲಿ ವಿದ್ಯುತ್ತಿಗಾಗಿ ಬಿಟ್ಟ ನೀರು ಬರುವುದರಿಂದ ಶರಾವತಿ ಬೇಸಿಗೆಯಲ್ಲೂ ಬತ್ತುವುದಿಲ್ಲ. ಆದರೂ ಸಮುದ್ರದ ಹತ್ತಿರ ಭರತದ ಹೊತ್ತಿಗೆ ಉಪ್ಪು ಮೇಲೇರುತ್ತದೆ. ಆ ನೀರನ್ನು ನೇರ ಎಂಜಿನ್ನಿಗೆ ಕೊಟ್ಟರೆ ಒಳಗಿನ ಬೀಡು ಕಬ್ಬಿಣವನ್ನು ತಿನ್ನುತ್ತದೆ. ಆದ್ದರಿಂದ ಸಿಹಿನೀರನ್ನೇ ಸುತ್ತು ತಿರುಗಿಸುವ ಏರ್ಪಾಡು ಮಾಡಿದೆವು. ಎಂಜಿನ್ನಿನಿಂದ ಹೊರಟ ಬಿಸಿನೀರು ದೋಣಿಯ ಹೊರಗೆ ತಳದ ತೊಲೆಯ ಪಕ್ಕ ಹಾಯಿಸಿದ ತಾಮ್ರದ ಪೈಪಿನಲ್ಲಿ ಹೋಗಿ, ಹೊಳೆ ನೀರಿಗೆ ತಣಿದು, ವಾಪಸು ಬರುತ್ತದೆ. ಬೆಲ್ಟಿನ ಸಣ್ಣ ಪಂಪು ಅದನ್ನು ತಿರುಗಿಸುತ್ತದೆ. ಹೊಳೆಯ ನೀರು ಎಂಜಿನ್ನಿನೊಳಗೆ ಹೋಗುವುದೇ ಇಲ್ಲ.

ಉಪ್ಪುನೀರಿನಲ್ಲಿ ಹಿತ್ತಾಳೆ, ತಾಮ್ರ, ಕಬ್ಬಿಣ ಒಟ್ಟಿಗಿದ್ದರೆ ಟಾರ್ಚಿನ ಬ್ಯಾಟರಿಯ ಹಾಗೆ ಕೆಲಸ ನಡೆದು ಒಂದು ಲೋಹ ಸವೆಯುತ್ತದೆ. ಸವೆಯುವುದಾದರೆ ಅಗ್ಗದ್ದು ಸವೆಯಲಿ ಎಂದು ಶಾಫ್ಟಿಗೆ ಸತುವಿನ ತುಂಡು ಕಟ್ಟುತ್ತಾರೆ. ಅರ್ಧ ಸವೆದಾಗ ಬದಲಿಸಬೇಕು. ಅದಕ್ಕೆ ಬಣ್ಣ ಬಳಿಯಬಾರದು, ಬಳಿದರೆ ಕೆಲಸ ಮಾಡುವುದಿಲ್ಲ.

ನಮ್ಮ ಅನುಕೂಲಕ್ಕೆ ಮಾಡಿಕೊಂಡದ್ದು

1. ಎಂಜಿನ್ನಿನ ಮುಂದಿನ ಪುಲ್ಲಿಗೆ ಬೆಲ್ಟು ಹಾಕಿ ನನ್ನ ಹಳೇ ಪಂಪನ್ನೇ ಕೂರಿಸಿದೆವು. ಕುರ್ವೆಗೆ ದೋಣಿ ಕಟ್ಟಿ, ಗೇರು ಬಿಡಿಸಿ, ಅದೇ ಎಂಜಿನ್ನಿನಲ್ಲಿ ತೆಂಗಿನ ಸಸಿಗೆ ನೀರು ಬಿಡುತ್ತೇವೆ. ಬಿಡುವ ಮೊದಲು ನೀರನ್ನು ನಾಲಿಗೆಗೆ ಹಾಕಿ ನೋಡುತ್ತೇವೆ. ಉಪ್ಪಿದ್ದರೆ ಇಳಿತಕ್ಕೆ ಕಾಯುತ್ತೇವೆ.

2. ಮುಂಭಾಗದಲ್ಲಿ ತೆಗೆದು ಹಾಕುವ ಹಲಗೆ ಅಟ್ಟ. ಗೊಬ್ಬರದ ಬುಟ್ಟಿ ಅದರ ಮೇಲೆ, ತಳಕ್ಕೆ ಗೊಬ್ಬರ ಬೀಳುವುದಿಲ್ಲ. ಅದೇ ಹಲಗೆ ದಂಡೆಗೆ ಇಳಿಜಾರಾಗಿ ಹಾಕಿದರೆ ಕರು ತಾನೇ ಹತ್ತುತ್ತದೆ.

3. ಬೆಲ್ಟು, ಫ್ಲೈವ್ಹೀಲು, ಶಾಫ್ಟಿಗೆ ಪೂರ್ತಿ ಮರದ ಪೆಟ್ಟಿಗೆ. ಸೀರೆಯ ಸೆರಗು ಒಂದು ಸಲ ಸಿಕ್ಕಿದರೆ ಮುಗಿಯಿತು. ಪೆಟ್ಟಿಗೆಗೆ ಗಾಳಿ ಬರುವ ಕಿಂಡಿ ಬೇಕು. ಹೊಗೆ ಕೊಳವೆಗೆ ಗ್ಲಾಸ್ ಫೈಬರ್ ಪಟ್ಟಿ ಸುತ್ತಿದ್ದೇವೆ.

4. ಎಂಜಿನ್ನು ನಿಲ್ಲಿಸುವ ತಂತಿಯನ್ನು ಚುಕ್ಕಾಣಿಯವರೆಗೆ ಎಳೆದಿದ್ದೇವೆ. ಮೀನು ಬಲೆ ಫ್ಯಾನಿಗೆ ಸುತ್ತಿದರೆ ಕೂತಲ್ಲಿಂದಲೇ ಡೀಸೆಲು ಕಟ್ಟಬಹುದು.

ಕಾಗದಪತ್ರ

ದೋಣಿಗೆ ಎಂಜಿನ್ನು ಕೂರಿಸಿದರೆ ಕಾನೂನಿನ ಲೆಕ್ಕದಲ್ಲಿ ಅದು ಯಾಂತ್ರಿಕ ಜಲಯಾನ. 1917ರ ಹಳೇ ಕಾಯಿದೆಯ ಬದಲಿಗೆ 2021ರಲ್ಲಿ ಒಳನಾಡು ಜಲಯಾನಗಳ ಹೊಸ ಕಾಯಿದೆ ಬಂದಿದೆ. ತಪಾಸಣೆ, ನೋಂದಣಿ ಎರಡೂ ಆಗಬೇಕು. ನಮ್ಮ ಆ ಮೊದಲ ಓಟ ಇದಕ್ಕೂ ಮುಂಚಿನದು, ಅದೂ ತಪ್ಪೇ. ಕೆಲಸ ಶುರುಮಾಡುವ ಮೊದಲೇ ಬಂದರು ಇಲಾಖೆಯ ಕಚೇರಿಗೆ ಹೋಗಿ ಕೇಳಿದರೆ ಆಮೇಲೆ ಬಿಚ್ಚಿ ಕಟ್ಟುವುದು ತಪ್ಪುತ್ತದೆ.

ಹೊರಡುವ ಮೊದಲು

ಭಾವನ ಕೊಟ್ಟಿಗೆಯ ಗೋಡೆಯ ಮೇಲೆ ಇದ್ದಿಲಲ್ಲಿ ಬರೆದಿಟ್ಟದ್ದು ಇಷ್ಟು: ತಳದಲ್ಲಿ ನೀರೆಷ್ಟು? ಎಂಜಿನ್ ಎಣ್ಣೆ ಎಷ್ಟು? ಸಿಹಿನೀರಿನ ಡಬ್ಬಿ ತುಂಬಿದೆಯೇ? ಡೀಸೆಲು ಹೋಗಿ ಬರುವಷ್ಟರ ಎರಡು ಪಾಲು ಇದೆಯೇ? ಗ್ಲಾಂಡು ಹನಿಯುತ್ತದೆಯೇ? ಗಳ, ಹುಟ್ಟು, ಹಗ್ಗ, ಚೂರಿ, ಮೊಗೆಯುವ ಕೊಡಪಾನ ಇವೆಯೇ? ತಲೆಗೊಂದು ಜೀವರಕ್ಷಕ ಅಂಗಿ ಇದೆಯೇ? ಎಂಜಿನ್ನು ಇದೆಯೆಂದು ಗಳವನ್ನು ದಂಡೆಯಲ್ಲಿ ಬಿಟ್ಟು ಹೋಗಬೇಡಿ. ಆ ದಿನ ನಮ್ಮನ್ನು ಉಳಿಸಿದ್ದು ಗಳ.

ದೋಣಿಯನ್ನು ಪುನಃ ಬಿಚ್ಚಿ, ಆಚಾರಿಯನ್ನು ಕರೆಸಿ, ಮೊದಲಿನಿಂದ ಮಾಡುವಾಗ ಇನ್ನೊಂದು ಬೇಸಿಗೆ ಹೋಯಿತು. ಅರಬೈಲು ಘಟ್ಟ ಇಳಿದು ಹತ್ತಿದ ಲೆಕ್ಕ ಇಟ್ಟಿಲ್ಲ. ಅಷ್ಟೂ ದಿನ ತಂಗಿ ಊಟ ಬಡಿಸಿದಳು, ದೋಣಿಯ ಸುದ್ದಿ ಎತ್ತಲಿಲ್ಲ. ಕಳೆದ ವರ್ಷ ಸುಗ್ಗಿ ಕಳೆದು ಹೋದಾಗ ದಂಡೆಗೆ ತಾನೇ ಬಂದಳು. ಹತ್ತುವ ಮೊದಲು ಬಗ್ಗಿ ಗ್ಲಾಂಡು ನೋಡಿ, "ಹನೀತಾ ಇದ್ದು ಅಣ್ಣಾ" ಅಂದಳು. "ಹನಿಯಬೇಕು" ಅಂದೆ. "ಗೊತ್ತಿದ್ದು" ಎಂದು ಅಂಗಿಯ ಪಟ್ಟಿ ಬಿಗಿದು ಕೂತಳು.

ಓದುಗರಲ್ಲಿ ಯಾರಾದರೂ ಹಳೇ ಪಂಪ್‌ಸೆಟ್ ಎಂಜಿನ್ನನ್ನು ಹೀಗೆ ಬೇರೆ ಕೆಲಸಕ್ಕೆ ಬಳಸಿದ್ದರೆ, ಮುಖ್ಯವಾಗಿ ಕುಟ್ಟು ಕಡಿಮೆ ಮಾಡಲು ರಬ್ಬರ್ ಅಡಿ ಕೊಟ್ಟು ನೋಡಿದ್ದರೆ, ಪತ್ರಿಕೆಗೆ ಬರೆಯಬೇಕು. ಆಗಿಬಂದದ್ದನ್ನು ಬರೆದಷ್ಟೇ ಕೆಟ್ಟದ್ದನ್ನೂ ಬರೆಯಿರಿ. ನನಗೆ ಮೊದಲೇ ಯಾರಾದರೂ ಒಂದು ಹನಿಯ ಸಂಗತಿ ಬರೆದು ತಿಳಿಸಿದ್ದರೆ ಹನ್ನೆರಡು ಚೀಲ ಕಾಯಿ ಉಳಿಯುತ್ತಿತ್ತು.